ತೆರೆಯ ಮೇಲೆ ಬುಡಕಟ್ಟು ಹೆಣ್ಣು: ಕಂಡದ್ದು ಬಹಳ, ಕೇಳಿದ್ದು ಕಡಿಮೆ

2025ರ ಮೇ ತಿಂಗಳಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ಸತ್ಯಜಿತ್ ರಾಯ್ ಅವರ ‘ಅರಣ್ಯೇರ್ ದಿನ್ ರಾತ್ರಿ’ ಮತ್ತೊಮ್ಮೆ ಬೆಳಕು ಕಂಡಿತು. 1970ರ ಈ ಬಂಗಾಳಿ ಚಿತ್ರದ ಹಳೆಯ ನೆಗೆಟಿವನ್ನು ದುರಸ್ತಿ ಮಾಡಿ ಹೊಸ ಪ್ರತಿ ತೆಗೆಯಲಾಗಿತ್ತು. ಚಿತ್ರದ ಇಬ್ಬರು ನಟಿಯರಾದ ಶರ್ಮಿಳಾ ಟ್ಯಾಗೋರ್ ಮತ್ತು ಸಿಮಿ ಗರೇವಾಲ್ ಅಲ್ಲಿ ಹಾಜರಿದ್ದರು. ಶರ್ಮಿಳಾ ವಹಿಸಿದ್ದು ಕಲ್ಕತ್ತೆಯ ಸುಶಿಕ್ಷಿತ ತರುಣಿಯ ಪಾತ್ರ. ಸಿಮಿಯದು ದುಲಿ ಎಂಬ ಸಂತಾಲ ಹೆಣ್ಣಿನ ಪಾತ್ರ. ಇಂಗ್ಲೆಂಡಿನಲ್ಲಿ ಬೆಳೆದ, ಬೆಳ್ಳನೆಯ ಮೈಬಣ್ಣದ ಈ ನಟಿ ದುಲಿಯಾಗಲು ಮೈಗೆಲ್ಲ ಕಪ್ಪು ಬಣ್ಣ ಬಳಿದುಕೊಳ್ಳಬೇಕಾಗಿತ್ತು.

ಸುನೀಲ್ ಗಂಗೋಪಾಧ್ಯಾಯ ಅವರ ಕಾದಂಬರಿಯನ್ನು ಆಧರಿಸಿದ ಈ ಚಿತ್ರದಲ್ಲಿ ಕಲ್ಕತ್ತೆಯ ನಾಲ್ವರು ಯುವಕರು ಪಲಾಮು ಕಾಡಿಗೆ ಮೋಜಿಗೆ ಬರುತ್ತಾರೆ. ಚೌಕೀದಾರನಿಗೆ ಲಂಚ ಕೊಟ್ಟು ಅರಣ್ಯ ಇಲಾಖೆಯ ಬಂಗಲೆ ಹಿಡಿಯುತ್ತಾರೆ. ಸಂಜೆಗೆ ಸಾರಾಯಿ ಅಂಗಡಿ. ಅಲ್ಲಿ ದುಲಿ ಬಾಬುಗಳ ಕಡೆ ನೋಡಿ ಇನ್ನಷ್ಟು ಕುಡಿಸಿ ಎಂದು ಕೇಳುತ್ತಾಳೆ. ಮರುದಿನ ಕೂಲಿ ಹುಡುಕಿಕೊಂಡು ಬಂಗಲೆಗೆ ಬಂದು ಕಸ ಗುಡಿಸುತ್ತಾಳೆ. ನಾಲ್ವರಲ್ಲೊಬ್ಬನಾದ ಹರಿ ಅವಳನ್ನು ಕಾಡಿಗೆ ಕರೆದುಕೊಂಡು ಹೋಗುತ್ತಾನೆ, ಕಲ್ಕತ್ತೆಗೂ ಕರೆದೊಯ್ಯುವ ಮಾತಾಡುತ್ತಾನೆ. ಅವನು ಹಿಂದಿರುಗುವ ದಾರಿಯಲ್ಲಿ, ಹಿಂದೆ ಕಳ್ಳನೆಂಬ ಸುಳ್ಳು ಆಪಾದನೆ ಹೊತ್ತು ಏಟು ತಿಂದಿದ್ದ ಕೂಲಿಯಾಳು ಲಖಾ ಅವನ ಮೇಲೆ ಬಿದ್ದು ಹೊಡೆಯುತ್ತಾನೆ.

ರಾಯ್ ಅವರಿಗೆ ಈ ಬಾಬುಗಳ ಬಗೆಗೆ ಭ್ರಮೆ ಇರಲಿಲ್ಲ. ಇಡೀ ಚಿತ್ರವೇ ಅವರ ಟೊಳ್ಳುತನದ ಮೇಲಿನ ನಗೆ. ಆದರೆ ಹರಿಗೆ ಬಿದ್ದ ಪೆಟ್ಟಿನ ನೋವನ್ನು ತೋರಿಸುವ ಕ್ಯಾಮೆರಾ ಆಮೇಲೆ ದುಲಿ ಎಲ್ಲಿಗೆ ಹೋದಳು, ಅವಳ ಜನ ಅವಳಿಗೆ ಏನೆಂದರು ಎಂದು ನೋಡುವುದಿಲ್ಲ. ಶರ್ಮಿಳಾ ಪಾತ್ರಕ್ಕೆ ಬುದ್ಧಿ, ದುಃಖ, ಗತಕಾಲ ಎಲ್ಲವೂ ಇವೆ. ದುಲಿಗೆ ಇರುವುದು ಮೈ ಮತ್ತು ನಗು. ಕಳಕಳಿಯ ಸಿನಿಮಾ ಎಂದು ನಾವು ಕರೆಯುವ ಚಿತ್ರಗಳಲ್ಲಿ ಬುಡಕಟ್ಟು ಹೆಣ್ಣಿನ ಇತಿಹಾಸ ಹೆಚ್ಚುಕಡಿಮೆ ಇಲ್ಲಿಂದಲೇ ಹೊರಡುತ್ತದೆ. ಅವಳನ್ನು ಕಂಡವರು ಬಹಳ ಮಂದಿ, ಮಾತನಾಡಿಸಿದವರು ಕೆಲವರೇ.

ಎಪ್ಪತ್ತರ ದಶಕ ಹೊಸ ಅಲೆಯ ಕಾಲ. ಸರ್ಕಾರದ ಫಿಲ್ಮ್ ಫೈನಾನ್ಸ್ ಕಾರ್ಪೊರೇಷನ್ನಿನ ಸಾಲದಿಂದ 1969ರಲ್ಲಿ ಮೃಣಾಲ್ ಸೇನ್ ಅವರ ‘ಭುವನ್ ಶೋಮ್’ ಬಂದ ಮೇಲೆ, ತಾರೆಯರಿಲ್ಲದೆ, ಕುಣಿತವಿಲ್ಲದೆ ಬಡವರ ಕತೆ ಹೇಳಬಹುದೆಂಬ ಧೈರ್ಯ ನಿರ್ದೇಶಕರಿಗೆ ಬಂತು. ಅದೇ ಮೃಣಾಲ್ ಸೇನ್ 1976ರಲ್ಲಿ ‘ಮೃಗಯಾ’ ತೆಗೆದರು. ಒರಿಯಾ ಲೇಖಕ ಭಗವತೀಚರಣ ಪಾಣಿಗ್ರಾಹಿ ಅವರ ಸಣ್ಣಕತೆ ಇದಕ್ಕೆ ಮೂಲ. ಕಾಲ 1930ರ ದಶಕ. ಘಿನುವಾ ಎಂಬ ಬೇಟೆಗಾರನ ಹೆಂಡತಿ ಡುಂಗ್ರಿಯನ್ನು ಸಾಹುಕಾರ ಎತ್ತಿಕೊಂಡು ಹೋಗುತ್ತಾನೆ. ಘಿನುವಾ ಸಾಹುಕಾರನ ತಲೆ ಕಡಿದು ಬ್ರಿಟಿಷ್ ಅಧಿಕಾರಿಯ ಮುಂದಿಡುತ್ತಾನೆ. ಕಾಡಿನ ದುಷ್ಟಮೃಗ ಕೊಂದರೆ ಇನಾಮು ಕೊಡುವ ದೊರೆ ಇದಕ್ಕೂ ಕೊಟ್ಟಾನು ಎಂಬುದು ಅವನ ಮುಗ್ಧ ಲೆಕ್ಕ. ಸಿಗುವುದು ನೇಣು. ವಸಾಹತು ನ್ಯಾಯದ ಪೊಳ್ಳುತನವನ್ನು ಇಷ್ಟು ಸರಳವಾಗಿ ಹೇಳಿದ ಚಿತ್ರ ಇನ್ನೊಂದು ಸಿಗುವುದು ಕಷ್ಟ. ಆ ವರ್ಷದ ಅತ್ಯುತ್ತಮ ಚಿತ್ರಕ್ಕಾಗಿನ ರಾಷ್ಟ್ರಪ್ರಶಸ್ತಿ ಅದಕ್ಕೆ ಬಂತು. ಮೊದಲ ಚಿತ್ರದಲ್ಲೇ ಮಿಥುನ್ ಚಕ್ರವರ್ತಿ ಶ್ರೇಷ್ಠ ನಟ ಎನಿಸಿಕೊಂಡರು. ಡುಂಗ್ರಿಯಾಗಿದ್ದವರು ನೃತ್ಯಗಾರ ಉದಯಶಂಕರ್ ಅವರ ಮಗಳು ಮಮತಾ ಶಂಕರ್. ಅವರಿಗೂ ಅದು ಮೊದಲ ಚಿತ್ರ. ಡುಂಗ್ರಿಯ ಅಪಹರಣವಿಲ್ಲದೆ ಕತೆಯೇ ಇಲ್ಲ. ಆದರೂ ಪ್ರೇಕ್ಷಕನ ಮನಸ್ಸಿನಲ್ಲಿ ಉಳಿಯುವುದು ಘಿನುವಾನ ಪ್ರಶ್ನೆ.

ಚಿತ್ರಮಂದಿರದ ಹೊರಗೆ ಅದೇ ವರ್ಷಗಳಲ್ಲಿ ಇನ್ನೊಂದು ಕತೆ ನಡೆಯುತ್ತಿತ್ತು. 1972ರ ಮಾರ್ಚ್ 26ರ ರಾತ್ರಿ ಮಹಾರಾಷ್ಟ್ರದ ದೇಸಾಯಿಗಂಜ್ ಪೊಲೀಸ್ ಠಾಣೆಯಲ್ಲಿ ಹದಿಹರೆಯದ ಆದಿವಾಸಿ ಕೂಲಿ ಹುಡುಗಿಯೊಬ್ಬಳ ಮೇಲೆ ಇಬ್ಬರು ಪೊಲೀಸರು ಅತ್ಯಾಚಾರ ಮಾಡಿದರೆಂಬ ದೂರು ದಾಖಲಾಯಿತು. ಇತಿಹಾಸ ಇದನ್ನು ಮಥುರಾ ಪ್ರಕರಣ ಎಂದು ಕರೆಯುತ್ತದೆ. ಸೆಷನ್ಸ್ ನ್ಯಾಯಾಲಯ ಆರೋಪಿಗಳನ್ನು ಬಿಟ್ಟಿತು. ಮುಂಬೈ ಹೈಕೋರ್ಟಿನ ನಾಗಪುರ ಪೀಠ ಶಿಕ್ಷಿಸಿತು. ಹೆದರಿ ಸುಮ್ಮನಾಗುವುದು ಬೇರೆ, ಒಪ್ಪುವುದು ಬೇರೆ ಎಂದು ಹೈಕೋರ್ಟು ವಿವೇಚಿಸಿತು. ಆದರೆ 1978ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ಶಿಕ್ಷೆಯನ್ನು ರದ್ದುಪಡಿಸಿತು. ಹುಡುಗಿಯ ಮೈಮೇಲೆ ಗಾಯದ ಗುರುತಿಲ್ಲ, ಆದ್ದರಿಂದ ಪ್ರತಿಭಟಿಸಿದೆ ಎಂಬ ಅವಳ ಮಾತು ನಿಜವಲ್ಲ, ಕೂಗಿಕೊಂಡೆ ಎಂಬುದೂ ಕಟ್ಟುಕತೆ ಎಂಬುದು ತೀರ್ಪಿನ ತಿರುಳು.

ಓದು ಬರಹ ಬಾರದ, ಕೂಲಿ ಮಾಡಿ ಬದುಕುವ ಹುಡುಗಿ ಠಾಣೆಯಿಂದ ಹೊರಬಂದ ಗಳಿಗೆಯಲ್ಲೇ ಬಾಯಿಬಿಟ್ಟು ಹೇಳಿದ್ದಳು. ದೂರು ಕೊಟ್ಟಿದ್ದಳು, ಸಾಕ್ಷ್ಯ ನುಡಿದಿದ್ದಳು. ಕೊನೆಯ ನ್ಯಾಯಾಲಯ ಅವಳ ಮಾತನ್ನು ಮಾತೆಂದು ಎಣಿಸಲಿಲ್ಲ. 1979ರಲ್ಲಿ ಉಪೇಂದ್ರ ಬಕ್ಷಿ, ವಸುಧಾ ಧಾಗಮ್ವಾರ್, ರಘುನಾಥ ಕೇಳ್ಕರ್, ಲೋತಿಕಾ ಸರ್ಕಾರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದರು. ಮರುವರ್ಷ ಮಹಿಳಾ ಸಂಘಟನೆಗಳು ಬೀದಿಗಿಳಿದವು. 1983ರಲ್ಲಿ ಕಾನೂನು ಬದಲಾಯಿತು. ಪೊಲೀಸ್ ವಶದಲ್ಲಿದ್ದಾಗ ಸಂಭೋಗ ನಡೆದದ್ದು ರುಜುವಾತಾಗಿ, ತಾನು ಒಪ್ಪಿರಲಿಲ್ಲವೆಂದು ಹೆಣ್ಣು ಹೇಳಿದರೆ, ನ್ಯಾಯಾಲಯ ಅವಳ ಮಾತನ್ನೇ ಹಿಡಿದು ಹೊರಡಬೇಕು ಎಂಬ ನಿಯಮ ಬಂತು. ಒಬ್ಬ ಆದಿವಾಸಿ ಹುಡುಗಿಯ ಮಾತು ಸೋತ ಮೇಲೆ ದೇಶದ ಹೆಂಗಸರ ಮಾತಿಗೆ ಕಾನೂನಿನಲ್ಲಿ ತೂಕ ಬಂದದ್ದು ಹೀಗೆ.

ಈ ಗದ್ದಲದ ನಡುವೆಯೇ, 1980ರಲ್ಲಿ, ಗೋವಿಂದ ನಿಹಲಾನಿ ಅವರ ‘ಆಕ್ರೋಶ್’ ತೆರೆಗೆ ಬಂತು. ನಿಹಲಾನಿಯವರ ನಂಟು ಕನ್ನಡಿಗರಿಗೆ ಹೊಸದಲ್ಲ. ಅವರು ಛಾಯಾಗ್ರಹಣ ಕಲಿತದ್ದು ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ. ಪಳಗಿದ್ದು ಮೈಸೂರಿನ ವಿ.ಕೆ. ಮೂರ್ತಿಯವರ ಕೈಕೆಳಗೆ. ಗಿರೀಶ ಕಾರ್ನಾಡರ ‘ಕಾಡು’ (1973) ಚಿತ್ರಕ್ಕೆ ಕ್ಯಾಮೆರಾ ಹಿಡಿದವರೂ ಅವರೇ. ‘ಆಕ್ರೋಶ್’ ಅವರು ಸ್ವತಂತ್ರವಾಗಿ ನಿರ್ದೇಶಿಸಿದ ಮೊದಲ ಚಿತ್ರ. ಬರೆದವರು ಮರಾಠಿ ನಾಟಕಕಾರ ವಿಜಯ ತೆಂಡೂಲ್ಕರ್.

ಚಿತ್ರ ಚಿತೆಯೊಂದರಿಂದ ಆರಂಭವಾಗುತ್ತದೆ. ಉರಿಯುತ್ತಿರುವುದು ನಾಗಿಯ ಹೆಣ. ಬೆಂಕಿ ಇಟ್ಟವನು ಕೈಗೆ ಕೋಳ ತೊಡಿಸಿಕೊಂಡ ಅವಳ ಗಂಡ, ಆದಿವಾಸಿ ಕೂಲಿ ಲಹಾನ್ಯಾ ಭಿಕು. ಹೆಂಡತಿಯನ್ನು ಕೊಂದ ಆರೋಪ ಅವನ ಮೇಲೆಯೇ. ಸರ್ಕಾರ ಕೊಟ್ಟ ಎಳೆಯ ವಕೀಲ ಎಷ್ಟೇ ಕೇಳಿದರೂ ಅವನು ತುಟಿ ಎರಡು ಮಾಡುವುದಿಲ್ಲ. ಮನೆಯಲ್ಲಿರುವ ಮುದಿ ತಂದೆ ಮತ್ತು ತಂಗಿಯೂ ಮಾತಾಡುವುದಿಲ್ಲ. ನಾಗಿಯನ್ನು ಕೆಡಿಸಿ ಕೊಂದವರು ಊರಿನ ಗಣ್ಯರು: ಕಂತ್ರಾಟುದಾರ, ರಾಜಕಾರಣಿ, ಪೊಲೀಸ್ ಅಧಿಕಾರಿ, ವೈದ್ಯ. ಎಲ್ಲರೂ ಸಂಜೆ ಒಂದೇ ಕ್ಲಬ್ಬಿನಲ್ಲಿ ಸೇರುವವರು. ಸರ್ಕಾರಿ ವಕೀಲ ದುಸಾನೆ ಸ್ವತಃ ಆದಿವಾಸಿ. ಅವನಿಗೂ ಬೆದರಿಕೆಯ ಫೋನು ಬರುತ್ತದೆ, ಆದರೂ ಅವನು ಆ ಕ್ಲಬ್ಬಿನ ಕಡೆಗೇ. ತೆಂಡೂಲ್ಕರ್ ಬರೆದ ಅತ್ಯಂತ ಕಹಿಯಾದ ಪಾತ್ರಗಳಲ್ಲಿ ಇದೊಂದು. ಅಮರೀಶ್ ಪುರಿ ಅದನ್ನು ಮಾಡಿದ ರೀತಿಯನ್ನು ನೋಡಿಯೇ ತಿಳಿಯಬೇಕು.

ನಾಗಿಯ ಪಾತ್ರ ಸ್ಮಿತಾ ಪಾಟೀಲ್ ಅವರದು. ಆ ಹೊತ್ತಿಗಾಗಲೇ ‘ಭೂಮಿಕಾ’ಕ್ಕಾಗಿ ರಾಷ್ಟ್ರಪ್ರಶಸ್ತಿ ಪಡೆದಿದ್ದ ನಟಿ ಇಲ್ಲಿ ಕಾಣಿಸಿಕೊಳ್ಳುವುದು ಗಂಡನ ನೆನಪಿನ ತುಣುಕುಗಳಲ್ಲಿ ಮಾತ್ರ. ಕೊನೆಯಲ್ಲಿ ತಂದೆ ಸತ್ತಾಗ ಲಹಾನ್ಯಾನನ್ನು ಕೋಳ ಹಾಕಿಯೇ ಸ್ಮಶಾನಕ್ಕೆ ಕರೆತರುತ್ತಾರೆ. ತಂಗಿಯ ಮೇಲೆ ಬೀಳುವ ಗಂಡಸರ ಕಣ್ಣನ್ನು ಅವನು ನೋಡುತ್ತಾನೆ. ಕೈಗೆ ಸಿಕ್ಕ ಕೊಡಲಿಯಿಂದ ತಂಗಿಯನ್ನು ಕಡಿದು, ಆಕಾಶಕ್ಕೆ ಮುಖ ಮಾಡಿ ಚೀರುತ್ತಾನೆ. ಭಾರತೀಯ ಸಿನಿಮಾದ ಮರೆಯಲಾಗದ ಚೀತ್ಕಾರ ಅದು. ಓಂ ಪುರಿ ಎಂಬ ನಟ ದೇಶಕ್ಕೆ ಪರಿಚಯವಾದದ್ದೇ ಅದರಿಂದ. 1981ರ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಚಿತ್ರಕ್ಕೆ ಸ್ವರ್ಣ ಮಯೂರ ಬಂತು.

ಆದರೆ ಆ ಕೊಡಲಿಯ ಪೆಟ್ಟನ್ನು ತಂಗಿಯ ಕಡೆಯಿಂದ ನೋಡಿದರೆ? ಅವಳನ್ನು ಯಾರೂ ಏನನ್ನೂ ಕೇಳಿರಲಿಲ್ಲ. ಅಣ್ಣನ ದುಃಖ ಎಷ್ಟೇ ನಿಜವಿರಲಿ, ಅವಳು ಬದುಕುವಳೋ ಬೇಡವೋ ಎಂದು ನಿರ್ಧರಿಸಿದವನು ಅವನು. ಚಿತ್ರ ಮುಗಿಯುವಾಗ ಇಬ್ಬರು ಹೆಂಗಸರು ಸತ್ತಿರುತ್ತಾರೆ, ಒಬ್ಬ ಗಂಡಸಿಗೆ ದನಿ ಬಂದಿರುತ್ತದೆ, ಇನ್ನೊಬ್ಬ ಗಂಡಸಿಗೆ, ಅಂದರೆ ವಕೀಲನಿಗೆ, ಜ್ಞಾನೋದಯವಾಗಿರುತ್ತದೆ. ‘ಆಕ್ರೋಶ್’ ಮಥುರಾ ಪ್ರಕರಣದ ಕತೆಯಲ್ಲ. ಆದರೂ ಎರಡನ್ನೂ ಪಕ್ಕದಲ್ಲಿಟ್ಟು ನೋಡಿದಾಗ ಒಂದು ಸಂಗತಿ ಕಣ್ಣಿಗೆ ಹೊಡೆಯುತ್ತದೆ. ನಿಜ ಜೀವನದ ಆದಿವಾಸಿ ಹುಡುಗಿ ಮಾತಾಡಿದ್ದಳು. ಅವಳ ಪರವಾಗಿ ಕುದಿಯುತ್ತಿದ್ದ ಸಿನಿಮಾ ಅವಳನ್ನು ಮೂಕಳನ್ನಾಗಿ, ಇಲ್ಲವೇ ಹೆಣವಾಗಿ ಚಿತ್ರಿಸಿತು.

ಹೀಗಾಗಲು ನಿರ್ದೇಶಕರ ದುರುದ್ದೇಶ ಕಾರಣವಲ್ಲ. ಈ ಚಿತ್ರಗಳನ್ನು ಬರೆದವರು, ತೆಗೆದವರು, ನೋಡಿದವರು ಎಲ್ಲರೂ ಪಟ್ಟಣದ ಮಧ್ಯಮ ವರ್ಗದವರು. ಕಾಡಿನೊಳಕ್ಕೆ ಅವರ ದಾರಿ ಒಬ್ಬ ವಕೀಲ, ಒಬ್ಬ ಅಧಿಕಾರಿ, ಒಬ್ಬ ಪ್ರವಾಸಿಯ ಮೂಲಕವೇ ಹೋಗುತ್ತಿತ್ತು. ಅವನಿಗೆ ಗೊತ್ತಾದಷ್ಟೇ ಪ್ರೇಕ್ಷಕರಿಗೂ ಗೊತ್ತಾಗಬೇಕು. ಜತೆಗೆ ಭಾಷೆಯ ತೊಡಕು. ದುಲಿ ತೊದಲು ಬಂಗಾಳಿ ಆಡುತ್ತಾಳೆ, ಡುಂಗ್ರಿ ಮತ್ತು ನಾಗಿ ಹಿಂದಿ. ಸ್ವಂತ ನುಡಿಯಲ್ಲಿ ಜಾಣೆಯಾಗಿರುವ ಹೆಣ್ಣನ್ನು ಬಾರದ ಭಾಷೆಯಲ್ಲಿ ಮಾತಾಡಿಸಿದರೆ ಅವಳು ಪೆದ್ದಿಯಂತೆ ಕಾಣದೆ ಇನ್ನೇನು?

ಹೊರಗಿನ ಬಾಬು ಇಲ್ಲದ ಕತೆಯಲ್ಲಿ ಏನಾಗುತ್ತದೆ ಎಂಬುದಕ್ಕೆ 1977ರ ಮರಾಠಿ ಚಿತ್ರ ‘ಜೈತ್ ರೇ ಜೈತ್’ ಉದಾಹರಣೆ. ಜಬ್ಬಾರ್ ಪಟೇಲ್ ನಿರ್ದೇಶನದ ಈ ಚಿತ್ರ ಗೋ.ನೀ. ದಾಂಡೇಕರ್ ಅವರ ಕಾದಂಬರಿಯಿಂದ ಹುಟ್ಟಿದ್ದು. ಸಹ್ಯಾದ್ರಿಯ ತಪ್ಪಲಿನ ಠಾಕರ್ ಬುಡಕಟ್ಟಿನ ಡೋಲು ಬಾರಿಸುವ ನಾಗ್ಯಾ, ಅವನನ್ನು ಮೆಚ್ಚಿದ ಚಿಂಧಿ. ಚಿಂಧಿಯೂ ಸ್ಮಿತಾ ಪಾಟೀಲರೇ. ಆದರೆ ನಾಗಿಗೂ ಇವಳಿಗೂ ಅಜಗಜಾಂತರ. ಬೇಡದ ಗಂಡನನ್ನು ಬಿಟ್ಟು ಬರುತ್ತಾಳೆ, ಮನಸ್ಸಿಗೆ ಬಂದವನನ್ನು ತಾನೇ ಆರಿಸಿಕೊಳ್ಳುತ್ತಾಳೆ, ಜಗಳವಾಡುತ್ತಾಳೆ, ಹಾಡುತ್ತಾಳೆ. ಹೃದಯನಾಥ ಮಂಗೇಶ್ಕರ್ ಸಂಗೀತ, ನಾ.ಧೋ. ಮಹಾನೋರ್ ಗೀತೆಗಳ ಈ ಚಿತ್ರ ಬಹುಪಾಲು ಹಾಡಿನಲ್ಲೇ ಸಾಗುತ್ತದೆ. ಠಾಕರರ ಬದುಕು ಇಲ್ಲಿ ಸ್ವಲ್ಪ ಹೆಚ್ಚೇ ಚೆಲುವಾಗಿ ಕಾಣುತ್ತದೆ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆದರೂ ಒಬ್ಬಳೇ ನಟಿ ಮೂರು ವರ್ಷಗಳ ಅಂತರದಲ್ಲಿ ಮಾಡಿದ ಈ ಎರಡು ಪಾತ್ರಗಳಲ್ಲಿ ಜೀವಂತ ಹೆಣ್ಣು ಯಾವುದು ಎಂದರೆ ಚಿಂಧಿಯೇ.

ನಮ್ಮ ಗಡಿಯ ಪಕ್ಕದಲ್ಲೂ ಒಂದು ಪ್ರಯತ್ನ ನಡೆದಿತ್ತು. ಕೊಡಗಿನ ಬ್ರಹ್ಮಗಿರಿಯ ಆಚೆ ಬದಿಗೆ ವಯನಾಡಿನ ತಿರುನೆಲ್ಲಿ ಇದೆ. ಅಲ್ಲಿನ ಅಡಿಯರನ್ನು ಕೊಡಗಿನಲ್ಲಿ ಯರವರು ಎನ್ನುತ್ತಾರೆ. ವಳ್ಳಿಯೂರ್‌ಕಾವಿನ ಜಾತ್ರೆಯಲ್ಲಿ ಜಮೀನ್ದಾರರು ಇವರನ್ನು ವರ್ಷದ ಜೀತಕ್ಕೆ ಗೊತ್ತುಮಾಡಿಕೊಳ್ಳುತ್ತಿದ್ದ ಪದ್ಧತಿ ಕುಖ್ಯಾತ. ಈ ಜನರ ನಡುವೆ ನಿಂತು ಪಿ. ವತ್ಸಲಾ ಬರೆದ ‘ನೆಲ್ಲು’ ಕಾದಂಬರಿಯನ್ನು ‘ಚೆಮ್ಮೀನ್’ ಖ್ಯಾತಿಯ ರಾಮು ಕಾರಿಯಾಟ್ 1974ರಲ್ಲಿ ಚಿತ್ರ ಮಾಡಿದರು. ಗದ್ದೆಯಲ್ಲಿ ದುಡಿಯುವ ಹೆಣ್ಣು ಮೇಲಿನವರ ಕಾಮಕ್ಕೂ ಈಡಾಗುವ ಸಂಗತಿಯನ್ನು ಮಲಯಾಳಿ ಪ್ರೇಕ್ಷಕ ಮೊದಲ ಬಾರಿಗೆ ಎದುರಾಎದುರಾಗಿ ಕಂಡದ್ದು ಇಂಥ ಚಿತ್ರಗಳಲ್ಲಿ. ಪಾತ್ರಧಾರಿಗಳು ಮಾತ್ರ ಹೆಸರಾಂತ ತಾರೆಯರು.

ಕನ್ನಡದ ಹೊಸ ಅಲೆಯ ಕಣ್ಣು ಬಿದ್ದದ್ದು ಬಹುತೇಕ ಅಗ್ರಹಾರದ ಮೇಲೆ, ಊರು-ಕೇರಿಯ ಮೇಲೆ. ‘ಸಂಸ್ಕಾರ’, ‘ಘಟಶ್ರಾದ್ಧ’, ‘ಚೋಮನ ದುಡಿ’ ಯಾವುದನ್ನು ತೆಗೆದುಕೊಂಡರೂ ಅಷ್ಟೇ. ‘ಕಾಡು’ ಎಂಬ ಹೆಸರಿನ ಚಿತ್ರವೂ ಎರಡು ಹಳ್ಳಿಗಳ ವೈಷಮ್ಯದ ಕತೆ. ಜೇನುಕುರುಬ, ಸೋಲಿಗ, ಕೊರಗ ಹೆಂಗಸರು ಅಲ್ಲಿ ಮುಖ್ಯ ಪಾತ್ರವಾಗಿ ಬರುವುದಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ಕೇಸರಿ ಹರವೂ ಅವರ ‘ಭೂಮಿಗೀತ’ ಕಾಡಿನಿಂದ ಎಬ್ಬಿಸಲ್ಪಟ್ಟ ಆದಿವಾಸಿಗಳನ್ನು ತೆರೆಗೆ ತಂದು, ಪರಿಸರ ಸಂರಕ್ಷಣೆಯ ಚಿತ್ರಗಳಿಗೆ ಮೀಸಲಾದ ರಾಷ್ಟ್ರಪ್ರಶಸ್ತಿ ಪಡೆಯಿತು. ಅಂಥವು ಬೆರಳೆಣಿಕೆ.

ಕ್ಯಾಮೆರಾ ಹಿಡಿದವನ ಪಾಪವನ್ನೇ ವಸ್ತುವಾಗಿಸಿಕೊಂಡವರು ಮಹಾಶ್ವೇತಾ ದೇವಿ. ಅವರ ‘ಚೋಲಿ ಕೇ ಪೀಛೇ’ ಕತೆಯನ್ನು ಇಟಲಿಯ ನಿರ್ದೇಶಕ ಇಟಾಲೊ ಸ್ಪಿನೆಲ್ಲಿ 2010ರಲ್ಲಿ ‘ಗಂಗೋರ್’ ಎಂಬ ಹೆಸರಿನಲ್ಲಿ ಚಿತ್ರವಾಗಿಸಿದರು. ಪತ್ರಿಕಾ ಛಾಯಾಗ್ರಾಹಕ ಉಪಿನ್ ಮಗುವಿಗೆ ಹಾಲೂಡಿಸುತ್ತಿರುವ ಕೂಲಿ ಹೆಣ್ಣು ಗಂಗೋರಳ ಚಿತ್ರ ತೆಗೆಯುತ್ತಾನೆ. ಅವನ ಉದ್ದೇಶ ಒಳ್ಳೆಯದೇ. ಚಿತ್ರ ಅಚ್ಚಾಗುತ್ತದೆ. ಅದರ ಬೆಲೆ ತೆರುವವಳು ಅವಳು: ಊರಿನವರ ಕಣ್ಣು, ಪೊಲೀಸರ ಕೈ, ಕಡೆಗೆ ಮೈಮಾರಿಕೊಳ್ಳುವ ಸ್ಥಿತಿ. ಬುಡಕಟ್ಟು ಹೆಣ್ಣಿನ ನೋವನ್ನು ಜಗತ್ತಿಗೆ ತೋರಿಸುತ್ತೇವೆ ಎಂದು ಹೊರಟ ಪತ್ರಕರ್ತರಿಗೂ ಚಿತ್ರ ನಿರ್ದೇಶಕರಿಗೂ ಇದಕ್ಕಿಂತ ಕಠಿಣವಾದ ಪ್ರಶ್ನೆಯನ್ನು ಯಾರೂ ಕೇಳಿಲ್ಲ.

ಇತ್ತೀಚಿನ ವರ್ಷಗಳಲ್ಲಿ ಬದಲಾವಣೆ ಕಾಣುತ್ತಿದೆ. ಅಮಿತ್ ಮಸೂರ್ಕರ್ ಅವರ ‘ನ್ಯೂಟನ್’ (2017) ದಂಡಕಾರಣ್ಯದಲ್ಲಿ ಮತದಾನ ನಡೆಸಲು ಹೋದ ಪ್ರಾಮಾಣಿಕ ಗುಮಾಸ್ತನ ಕತೆ. ಇಲ್ಲೂ ಹೊರಗಿನಿಂದ ಬಂದ ಬಾಬು ಇದ್ದಾನೆ. ಆದರೆ ಅವನ ಜತೆ ಕೂರುವ ಮಲ್ಕೊ ಎಂಬ ಸ್ಥಳೀಯ ಆದಿವಾಸಿ ಶಿಕ್ಷಕಿ ಅವನಿಗಿಂತ ಹೆಚ್ಚು ತಿಳಿದವಳು. ಗೊಂಡಿ ಮಾತನ್ನು ಅವನಿಗೆ ಅರ್ಥ ಮಾಡಿಸುವವಳು ಅವಳೇ. ನೀವು ನಿರಾಶಾವಾದಿಯೇ ಎಂದು ಅವನು ಕೇಳಿದರೆ, ನಾನು ಆದಿವಾಸಿ ಎಂದಷ್ಟೇ ಹೇಳಿ ಸುಮ್ಮನಾಗುತ್ತಾಳೆ. ಈ ಮೌನಕ್ಕೂ ನಾಗಿಯ ಮೌನಕ್ಕೂ ವ್ಯತ್ಯಾಸವಿದೆ.

ತ.ಸೆ. ಜ್ಞಾನವೇಲ್ ಅವರ ತಮಿಳು ಚಿತ್ರ ‘ಜೈ ಭೀಮ್’ (2021) ತಮಿಳುನಾಡಿನಲ್ಲಿ 1993ರಲ್ಲಿ ನಡೆದ ಲಾಕಪ್ ಸಾವಿನ ಪ್ರಕರಣವನ್ನು ಆಧರಿಸಿದ್ದು. ಇರುಳ ಹೆಣ್ಣು ಸೆಂಗೇಣಿ ಗಂಡನನ್ನು ಹುಡುಕಿಕೊಂಡು ಹೈಕೋರ್ಟಿನವರೆಗೆ ಹೋಗುತ್ತಾಳೆ. ತುಂಬು ಬಸುರಿ ಅವಳು. ಹಣ ತೆಗೆದುಕೊಂಡು ಸುಮ್ಮನಾಗು ಎಂದರೆ ಒಪ್ಪುವುದಿಲ್ಲ. ಠಾಣೆಯಿಂದ ಬಿಟ್ಟು ಕಳಿಸುವಾಗ ಪೊಲೀಸರು ಜೀಪು ಹತ್ತು ಎಂದು ಗೋಗರೆದರೂ ಹತ್ತದೆ ಮಗಳ ಕೈ ಹಿಡಿದು ನಡೆದುಹೋಗುವ ಅವಳ ಹಿಂದೆ ಜೀಪು ತೆವಳುತ್ತ ಬರುವ ದೃಶ್ಯಕ್ಕೆ ಮಾತಿನ ಅಗತ್ಯವೇ ಇಲ್ಲ. ಲಿಜೋಮೋಲ್ ಜೋಸ್ ಅಭಿನಯ ಮನಮುಟ್ಟುವಂಥದ್ದು. ಹಾಗಿದ್ದೂ ಚಿತ್ರದ ತೂಕವೆಲ್ಲ ಕೊನೆಗೆ ವಕೀಲನಾಗಿ ಬರುವ ತಾರೆ ಸೂರ್ಯ ಅವರ ಕಡೆಗೆ ವಾಲುತ್ತದೆ. ಇನ್ನೂ ಒಂದು ಮಾತು: ನಿಜ ಪ್ರಕರಣದ ಕುಟುಂಬ ಇರುಳ ಸಮುದಾಯದ್ದಲ್ಲ, ಕುರವರದ್ದು. ಒಂದು ಸಮುದಾಯದ ಹೆಣ್ಣು ಮಾಡಿದ ಹೋರಾಟ ತೆರೆಯ ಮೇಲೆ ಇನ್ನೊಂದು ಸಮುದಾಯದ ಹೆಸರಿಗೆ ಹೋಯಿತು. ಇದು ಸಣ್ಣ ಸಂಗತಿಯೆಂದು ಬಿಡುವುದು ಹೊರಗಿನವರಿಗೆ ಸುಲಭ.

ಮರುವರ್ಷ, ಅಂದರೆ 2022ರಲ್ಲಿ, ಕೇರಳದ ಪ್ರಿಯನಂದನನ್ ‘ಧಬಾರಿ ಕುರುವಿ’ ಎಂಬ ಚಿತ್ರವನ್ನು ಇರುಳ ಭಾಷೆಯಲ್ಲೇ ತೆಗೆದರು. ನಟರೆಲ್ಲ ಆದಿವಾಸಿಗಳೇ. ವಸ್ತು ಮದುವೆಯಾಗದೆ ಬಸುರಾದ ಹುಡುಗಿಯೊಬ್ಬಳ ಪಾಡು. ಕಪ್ಪು ಬಣ್ಣದ ಡಬ್ಬಿ ಅಲ್ಲಿ ಬೇಕಾಗಲಿಲ್ಲ.

ಅಟ್ಟಪ್ಪಾಡಿಯ ಇರುಳ ಗಾಯಕಿ ನಂಜಿಯಮ್ಮ ಅವರ ದನಿ ಅದಕ್ಕೂ ಮೊದಲೇ ದೇಶಕ್ಕೆ ಕೇಳಿತ್ತು. ‘ಅಯ್ಯಪ್ಪನುಂ ಕೋಶಿಯುಂ’ (2020) ಎಂಬ ಮಲಯಾಳಂ ಚಿತ್ರಕ್ಕೆ ಅವರು ತಮ್ಮ ನುಡಿಯಲ್ಲಿ ಹಾಡು ಕಟ್ಟಿ ಹಾಡಿದರು. ಆ ವರ್ಷದ ಶ್ರೇಷ್ಠ ಹಿನ್ನೆಲೆ ಗಾಯಕಿ ಪ್ರಶಸ್ತಿ ಅವರಿಗೆ ಬಂದಾಗ, ಸಂಗೀತದ ಶಿಕ್ಷಣವಿಲ್ಲದವರಿಗೆ ಇದು ಸಲ್ಲಬಹುದೇ ಎಂದು ಗೊಣಗಿದವರೂ ಇದ್ದರು. 2022ರ ಸೆಪ್ಟೆಂಬರ್ 30ರಂದು ದೆಹಲಿಯ ವಿಜ್ಞಾನ ಭವನದಲ್ಲಿ ಅವರಿಗೆ ಪ್ರಶಸ್ತಿ ಕೊಟ್ಟವರು ರಾಷ್ಟ್ರಪತಿ ದ್ರೌಪದಿ ಮುರ್ಮು. ಅವರು ಸಂತಾಲ ಸಮುದಾಯದವರು, ದುಲಿಯ ಸಮುದಾಯದವರು. ಸಭೆ ಎದ್ದುನಿಂತು ಚಪ್ಪಾಳೆ ತಟ್ಟಿತು.

ಕ್ಯಾಮೆರಾದ ಹಿಂದೆ ಆದಿವಾಸಿ ಹೆಂಗಸರು ಇನ್ನೂ ವಿರಳ. ಇರುವವರಲ್ಲಿ ಒಬ್ಬರು ಒಡಿಶಾದ ಹೋ ಸಮುದಾಯದ ಲಿಪಿಕಾ ಸಿಂಗ್ ದರಾಯಿ. ಪುಣೆಯ ಫಿಲ್ಮ್ ಇನ್ಸ್‌ಟಿಟ್ಯೂಟಿನಲ್ಲಿ ಅವರು ಕಲಿತದ್ದು ಶಬ್ದಗ್ರಹಣ. ರಾಷ್ಟ್ರಪ್ರಶಸ್ತಿಗಳು ಅವರಿಗೆ ಒಂದಕ್ಕಿಂತ ಹೆಚ್ಚು ಬಾರಿ ಬಂದಿವೆ. ಮಾಟಗಾತಿ ಎಂಬ ಹಣೆಪಟ್ಟಿ ಹಚ್ಚಿ ಜನರನ್ನು ಬೇಟೆಯಾಡುವುದನ್ನು ತಡೆಯಲು ಒಡಿಶಾ 2013ರಲ್ಲಿ ಕಾಯ್ದೆ ತಂದಿತು. ಮೂರು ವರ್ಷದ ಬಳಿಕ ದರಾಯಿ ಅವರು ಅಂಥ ಆಪಾದನೆಗೆ ಗುರಿಯಾದವರನ್ನು ಹುಡುಕಿಕೊಂಡು ಆ ರಾಜ್ಯದ ಹಳ್ಳಿಗಳಿಗೆ ಹೋಗಿ, ಅವರ ಮಾತನ್ನು ಸಾಕ್ಷ್ಯಚಿತ್ರವಾಗಿ ದಾಖಲಿಸಿದರು.